ಸುಮ್ಮನೆ ಕೂತಿದ್ದ ಮೂಟೆಜ್ಜಿ

ಹೇನಕ್ಕನಿಗೆ ಆ ಹೆಸರು ಅಂಟಿಕೊಂಡದ್ದು ಕೆಲಸಕ್ಕೆ ಸೇರಿದ ಮೊದಲ ದಿನವೇ. ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ ಅವಳ ಭಾವ ಅಂದು ಅವಳನ್ನು ಗೇಟಿನವರೆಗೆ ಬಿಟ್ಟು, ಕಿಟಕಿಯಿಂದ ತಲೆ ಹೊರಹಾಕಿ ಕಾವಲುಗಾರನನ್ನು ಕೇಳಿದ್ದ: "ಮಂಗಗಳ ಹೇನು ಎಣಿಸೋ ಆಫೀಸು ಇದೇ ತಾನೆ? ನಮ್ಮ ನಾದಿನಿ ಸೈನ್ಸು ಓದಿದಾಳೆ. ಒಂದು ಹೇನೂ ತಪ್ಪಿಸಲ್ಲ." ಕಾವಲುಗಾರ ನಕ್ಕ. ಮಧ್ಯಾಹ್ನದ ಹೊತ್ತಿಗೆ ಮಾತು ಅಡುಗೆ ಕೋಣೆಯನ್ನು ಮುಟ್ಟಿತ್ತು. ಸಂಜೆ ಚೀಲ ಹೆಗಲಿಗೇರಿಸಿ ಹೊರಡುವಾಗ ಅವಳು ಎಲ್ಲರಿಗೂ ಹೇನಕ್ಕ ಆಗಿದ್ದಳು. ಆಗ ಅವಳಿಗೆ ಇಪ್ಪತ್ತಮೂರು. ಈಗ ಬೈತಲೆಯ ಎರಡೂ ಕಡೆ ನರೆ ಬಂದಿದೆ, ಹೆಸರು ಮಾತ್ರ ಹಾಗೇ ಇದೆ. ಭಾವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಯಾವ ಮಂಗ ಯಾವ ಮಂಗದ ಹೇನು ಹೆಕ್ಕುತ್ತದೆ, ಎಷ್ಟು ಹೊತ್ತು ಹೆಕ್ಕುತ್ತದೆ, ಆ ಉಪಕಾರ ತಿರುಗಿ ಬರುತ್ತದೋ ಇಲ್ಲವೋ ಎಂದು ನೋಡುವುದೇ ಅವಳ ಕೆಲಸ.

ಸಂಶೋಧನಾ ಕೇಂದ್ರವಿದ್ದದ್ದು ಹಳೆಯ ಇಟ್ಟಿಗೆ ಕಾರ್ಖಾನೆಯೊಂದರ ಜಾಗದಲ್ಲಿ. ಸುತ್ತ ಎತ್ತರದ ಗೋಡೆ, ಅದರ ತಲೆಯ ಮೇಲೆ ಕೈಕಾಲು ಜಾರುವಂಥ ತಗಡು. ಒಳಗೆ ನೆಟ್ಟ ಒಣಮರಗಳು, ಹಗ್ಗಗಳು, ಜೋತುಬಿಟ್ಟ ಲಾರಿ ಟೈರುಗಳು. ಎಡಕ್ಕೆ ನೆರಳಿನ ಚಪ್ಪರ, ಬಲಕ್ಕೆ ನೀರಿನ ತೊಟ್ಟಿ. ಎರಡರ ನಡುವೆ, ಹಿಂದೆ ಇಟ್ಟಿಗೆ ಸುಡುತ್ತಿದ್ದ ಗೂಡಿನ ಬುಡ ಮಾತ್ರ ಉಳಿದು, ಮೊಣಕಾಲೆತ್ತರದ ಚಪ್ಪಟೆ ಕಟ್ಟೆಯಾಗಿತ್ತು. ಇದೆಲ್ಲ ಕಾಣುವಂತೆ ಮಹಡಿಯ ಮೇಲೆ ಒಂದು ಬೆಂಚು. ಬೆಂಚಿನ ಒಂದು ತುದಿಯ ಬಣ್ಣ ಹೇನಕ್ಕ ಕೂತೂ ಕೂತೂ ಪೂರ್ತಿ ಹೋಗಿತ್ತು.

ಕೇಂದ್ರದ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಕೆಲಸ ಕಲಿಸುವಾಗ ಆಕೆ ಹೇನಕ್ಕನಿಗೆ ಒಂದು ತಮಾಷೆ ತೋರಿಸಿದ್ದರು. ಪೊದೆಯ ಹಿಂದೆ ಸ್ಪೀಕರ್ ಇಟ್ಟು, ಒಂದು ಮರಿ ಕಿರುಚಿದ್ದನ್ನು ಕೇಳಿಸಿದರು. ಕಟ್ಟೆಯ ಹತ್ತಿರ ಮೂರು ಹೆಣ್ಣುಗಳು ಕೂತಿದ್ದವು. ಅವುಗಳಲ್ಲಿ ಆ ಮರಿಯ ತಾಯಿ ಸ್ಪೀಕರಿನ ಕಡೆ ನೋಡಿತು. ಮಿಕ್ಕ ಎರಡೂ ಆ ತಾಯಿಯ ಮುಖ ನೋಡಿದವು.

"ಯಾಕೆ ಹೇಳು?" ಎಂದು ಡಾಕ್ಟರಮ್ಮ ಕೇಳಿದರು.

"ಮರಿ ಯಾರದ್ದು ಅಂತ ಅವಕ್ಕೆ ಗೊತ್ತು."

"ಅಷ್ಟೇ ಅಲ್ಲ. ಈಗ ಆ ತಾಯಿ ಏನ್ ಮಾಡ್ತಾಳೆ, ಯಾರ ಮೇಲೆ ಹೋಗ್ತಾಳೆ, ನಾನು ಯಾವ ಕಡೆ ನಿಲ್ಲಬೇಕು, ಅದೂ ಲೆಕ್ಕ ಹಾಕ್ತಿವೆ. ಹಣ್ಣು ಎಲ್ಲಿದೆ ಅಂತ ನೆನಪಿಡೋಕೆ ಇಷ್ಟು ದೊಡ್ಡ ಮಿದುಳು ಬೇಕಾಗಿರಲಿಲ್ಲ ಕಣೇ. ಯಾರು ಯಾರ ಕಡೆಯವರು ಅಂತ ನೆನಪಿಡೋಕೆ ಬೇಕು. ಗುಂಪು ದೊಡ್ಡದಾದ ಹಾಗೆ ತಲೆನೋವೂ ದೊಡ್ಡದು. ಆ ತಲೆನೋವಿಂದಲೇ ತಲೆ ಬೆಳೀತು ಅಂತ ನನ್ನ ಅನುಮಾನ."

ಹೇನಕ್ಕನಿಗೆ ಈ ಮಾತು ಬಹಳ ಹಿಡಿಸಿತು. ಆ ನೆನಪನ್ನು ಹೊರಗಿನಿಂದ ಕಾಣುವಂತೆ ಮಾಡುವುದು ತನ್ನ ಕೆಲಸ ಎಂದುಕೊಂಡಳು. ಕೈಯಲ್ಲೊಂದು ಟ್ಯಾಬ್. ಅದರ ಪರದೆಯ ಮೇಲೆ ಗುಂಡಿಗಳು: ಹೇನು, ಜಗಳ, ಆಟ, ತಿನ್ನುವುದು, ಸುಮ್ಮನೆ. ಒಂದು ಮಂಗವನ್ನು ಆರಿಸಿ, ಅದು ಏನು ಮಾಡುತ್ತಿದೆಯೋ ಆ ಗುಂಡಿ ಒತ್ತಬೇಕು. ಒತ್ತಿದ ಕೂಡಲೇ 'ಯಾರ ಜೊತೆ?' ಎಂಬ ಪ್ರಶ್ನೆ ಮೂಡುತ್ತದೆ. ಅದಕ್ಕೆ ಹೆಸರು ಕೊಡಬೇಕು. ತಿಂಗಳ ಕೊನೆಗೆ ಕಂಪ್ಯೂಟರು ಇದನ್ನೆಲ್ಲ ಕೂಡಿಸಿ ಒಂದು ಚಿತ್ರ ಬರೆಯುತ್ತಿತ್ತು. ಒಂದೊಂದು ಮಂಗಕ್ಕೆ ಒಂದೊಂದು ಚುಕ್ಕೆ, ನಂಟು ಇದ್ದಲ್ಲಿ ಗೆರೆ. ನಂಟು ಬಿಗಿಯಾದಷ್ಟೂ ಗೆರೆ ದಪ್ಪ.

ಈ ಗುಂಡಿಗಳಲ್ಲಿ ಒಂದಕ್ಕೆ ಮಾತ್ರ ಆಮೇಲೆ ಪ್ರಶ್ನೆ ಇರಲಿಲ್ಲ. ಅದು 'ಸುಮ್ಮನೆ'. ಮೊದಲು ಅದಕ್ಕೂ ಇತ್ತು. ಸುಮ್ಮನೆ ಕೂತ ಮಂಗಕ್ಕೆ ಯಾರ ಜೊತೆ ಎಂದರೆ ಏನು ಹೇಳುವುದು ಎಂದು ಹೇನಕ್ಕನೇ ಒಂದು ಮೀಟಿಂಗಿನಲ್ಲಿ ಎತ್ತಿದ್ದಳು. "ಸುಮ್ನೆ ಅಂದ್ರೆ ಸುಮ್ನೆ ಮೇಡಂ. ಅದರಲ್ಲಿ ಜೊತೆ ಏನು ಬಂತು? ಹೊತ್ತು ಹಾಳು." ಮಾತು ಸರಿ ಎನ್ನಿಸಿ ಎಲ್ಲರೂ ತಲೆದೂಗಿದರು. ಪ್ರಶ್ನೆಯನ್ನು ಕಿತ್ತುಹಾಕಿದರು. ಕೆಲಸ ಚುರುಕಾಯಿತು. ಡಾಕ್ಟರಮ್ಮ ಅವಳ ಬೆನ್ನು ತಟ್ಟಿದ್ದರು.

ಹಿಂಡಿನಲ್ಲಿ ದೊಡ್ಡ ಮನೆತನಗಳು ಎರಡು. ಚಪ್ಪರದ ಕಡೆ ಕಿವಿಹರುಕಿಯ ಸಂಸಾರ: ಅವಳು, ಅವಳ ಹೆಣ್ಣುಮಕ್ಕಳು, ಮೊಮ್ಮಕ್ಕಳು. ತೊಟ್ಟಿಯ ಕಡೆ ಕೆಂಚಿಯ ಸಂಸಾರ. ಇವೆರಡರ ನಡುವೆ ಕಟ್ಟೆಯ ಮೇಲೆ ಒಂದು ಮುದಿ ಹೆಣ್ಣು ಕೂತಿರುತ್ತಿತ್ತು. ಮಕ್ಕಳು ಉಳಿದಿರಲಿಲ್ಲ. ಅಕ್ಕತಂಗಿಯರೂ ಇಲ್ಲ. ಯಾರ ಹೇನನ್ನೂ ಅದು ಹೆಕ್ಕುತ್ತಿರಲಿಲ್ಲ, ಅದರ ಹೇನಿನ ಗೊಡವೆ ಯಾರಿಗೂ ಇರಲಿಲ್ಲ. ಅಕ್ಕಿ ಮೂಟೆ ಇಳಿಸಿ ಹೋದ ಹಾಗೆ ಕೂತಿರುತ್ತದೆಂದು ಬುಟ್ಟಿಯಣ್ಣ ಅದಕ್ಕೆ ಮೂಟೆಜ್ಜಿ ಎಂದು ಹೆಸರಿಟ್ಟ. ಬುಟ್ಟಿಯಣ್ಣ ಎಂದರೆ ಹೊತ್ತು ಹೊತ್ತಿಗೆ ಬುಟ್ಟಿಯಲ್ಲಿ ಆಹಾರ ತಂದು ಹಾಕುವವನು. ಹೇನಕ್ಕನಿಗಿಂತ ಮುಂಚಿನಿಂದ ಅಲ್ಲಿದ್ದವನು.

"ನಿಮ್ಮ ಚಿತ್ರದಲ್ಲಿ ಮೂಟೆಜ್ಜಿ ಎಲ್ಲಕ್ಕಾ?" ಎಂದು ಅವನು ಆಗಾಗ ಪರದೆಗೆ ಮೂಗು ತೂರಿಸುತ್ತಿದ್ದ.

"ಇಲ್ಲಿ, ಮೂಲೇಲಿ."

"ಒಂದು ಗೆರೆನೂ ಇಲ್ಲ. ಪಾಪ, ಸೋಮಾರಿಗೆ ಯಾರು ನಂಟರು."

ಒಂದು ವರ್ಷ ಬಡಗಣ ಗೋಡೆ ಬಿರುಕು ಬಿಟ್ಟಿತು. ಅಷ್ಟು ಭಾಗವನ್ನು ಕೆಡವಬೇಕೆಂದು ಎಂಜಿನಿಯರು ಬರೆದುಕೊಟ್ಟರು. ಉಳಿಯುವ ಜಾಗಕ್ಕೆ ಹಿಂಡು ದೊಡ್ಡದಾಯಿತು. ಕೆಲವನ್ನು ಒಂದು ಹಗಲಿನ ದಾರಿಯಾಚೆ ಇರುವ ಇನ್ನೊಂದು ಕೇಂದ್ರಕ್ಕೆ ಕಳಿಸಬೇಕು, ಬೇರೆ ದಾರಿಯಿರಲಿಲ್ಲ.

"ಯಾರು ಹೋಗಬೇಕು ಅನ್ನೋದನ್ನ ನೀನೇ ನೋಡು" ಎಂದರು ಡಾಕ್ಟರಮ್ಮ. "ನಿನ್ನಷ್ಟು ಇವುಗಳನ್ನ ನೋಡಿದೋರು ಯಾರೂ ಇಲ್ಲ. ಗೆರೆ ತೆಳುವಾಗಿರೋ ಕಡೆ ಕತ್ತರಿಸು. ಯಾರಿಗೂ ನೋವಾಗಬಾರದು."

ಹೇನಕ್ಕ ಆ ಕೆಲಸವನ್ನು ತಲೆಯ ಮೇಲೆ ಹೊತ್ತುಕೊಂಡಳು. ತಾಯಿಯಿಂದ ಮಗಳು ಬೇರೆಯಾಗಬಾರದು. ಆಟದ ಜೊತೆಗಾರರು ಜೊತೆಯಲ್ಲೇ ಇರಬೇಕು. ತಾಯಂದಿರ ಹಂಗು ಬಿಟ್ಟ ಗಂಡು ಹುಡುಗರು ಹೋಗಬಹುದು. ಅವರಿಗೆ ಹೊಸ ಜಾಗ ಹಬ್ಬ. ಒಂದು ಸಣ್ಣ ಸಂಸಾರ, ಯಾರ ಕಡೆಗೂ ಸೇರದ್ದು, ಒಟ್ಟಾಗಿ ಹೋಗಬಹುದು. ಇನ್ನೂ ಒಂದು ಜಾಗ ಉಳಿದಿತ್ತು. ಚಿತ್ರದ ಮೂಲೆಯಲ್ಲಿ ಗೆರೆಯೇ ಇಲ್ಲದ ಚುಕ್ಕೆಯ ಮೇಲೆ ಅವಳ ಬೆರಳು ಹೋಯಿತು. ಅಲ್ಲಿ ಕತ್ತರಿಸಲು ಏನೂ ಇರಲಿಲ್ಲ. ಹುಡುಗರ ಮಧ್ಯೆ ಒಬ್ಬ ಹಿರಿಯಳು ಇರಲಿ ಎಂದೂ ಅನ್ನಿಸಿತು.

"ಒಳ್ಳೇದೇ ಆಯ್ತು" ಎಂದ ಬುಟ್ಟಿಯಣ್ಣ. "ಮೂಟೆ ಇಲ್ಲಿದ್ದರೇನು, ಅಲ್ಲಿದ್ದರೇನು."

ಸಾಗಿಸುವ ದಿನ ಮಿಕ್ಕ ಮಂಗಗಳನ್ನು ಪೆಟ್ಟಿಗೆಗೆ ಸೇರಿಸುವಷ್ಟರಲ್ಲಿ ಎಲ್ಲರ ಜೀವ ಹೈರಾಣಾಯಿತು. ಮೂಟೆಜ್ಜಿ ತಾನಾಗಿ ನಡೆದು ಬಂದು, ಒಳಗೆ ಹೋಗಿ ಕೂತಿತು. ಪೆಟ್ಟಿಗೆ ಮುಚ್ಚುವಾಗಲೂ ಅದು ಹಿಂಡಿನ ಕಡೆಗೇ ಮುಖ ಮಾಡಿತ್ತು. ಬುಟ್ಟಿಯಣ್ಣ, "ನೋಡಿ, ಎಷ್ಟು ಒಳ್ಳೆ ಪ್ಯಾಸೆಂಜರ್ರು" ಎಂದು ನಕ್ಕ. ಹೇನಕ್ಕನೂ ನಕ್ಕಳು.

ಮೊದಲ ಕೆಲವು ದಿನ ಹಿಂಡು ತಣ್ಣಗಿತ್ತು. ಕಟ್ಟೆ ಖಾಲಿ ಬಿದ್ದಿತ್ತು. ಅಷ್ಟು ಒಳ್ಳೆಯ ಬಿಸಿಲಿನ ಜಾಗ, ಆದರೂ ಯಾರೂ ಹತ್ತಿ ಕೂರಲಿಲ್ಲ. ಹೇನಕ್ಕ ಇದನ್ನು ಗಮನಿಸಿದಳು, ಆದರೆ ಖಾಲಿ ಕಟ್ಟೆಗೆ ಟ್ಯಾಬಿನಲ್ಲಿ ಗುಂಡಿಯಿರಲಿಲ್ಲ.

ಒಂದು ಬೆಳಿಗ್ಗೆ ಬುಟ್ಟಿಯಣ್ಣ ಹಣ್ಣು ಸುರಿದು ಹೊರಬಂದ ಮೇಲೆ ಕಿವಿಹರುಕಿಯ ಮಗಳೊಬ್ಬಳು ತೊಟ್ಟಿಯ ಕಡೆಯಿಂದ ಒಂದು ತುಂಡು ಎತ್ತಿಕೊಂಡಳು. ಅಂಥದ್ದು ದಿನಾ ನಡೆಯುತ್ತಿತ್ತು. ಕೆಂಚಿಯ ಮಗಳು ಹಲ್ಲು ತೋರಿಸಿದಳು. ಅದೂ ದಿನಾ ನಡೆಯುತ್ತಿತ್ತು. ಆದರೆ ಅವತ್ತು ಅಲ್ಲಿಗೆ ನಿಲ್ಲಲಿಲ್ಲ. ಹಲ್ಲು ತೋರಿಸಿದವಳ ತಂಗಿಗೆ ಚಪ್ಪರದ ಕಡೆಯಿಂದ ಏಟು ಬಿತ್ತು. ಏಟು ಕೊಟ್ಟವಳ ಮರಿಯನ್ನು ಆಚೆಯವರು ಎಳೆದಾಡಿದರು. ಜಗಳಕ್ಕೆ ಕಾರಣವಾದ ಹಣ್ಣು ಮಣ್ಣಲ್ಲಿ ಬಿದ್ದಿತ್ತು. ಮಧ್ಯಾಹ್ನ ಸುಮ್ಮನಾದವರು ಸಂಜೆ ಮತ್ತೆ ಹತ್ತಿದರು. ಮರುದಿನ, ಜಗಳದಲ್ಲಿ ಇರಲೇ ಇಲ್ಲದ, ಎದುರಿನವರ ಸೋದರಸೊಸೆಯೊಬ್ಬಳಿಗೆ ಕಚ್ಚಿ ಹಗೆ ತೀರಿಸಿಕೊಂಡರು.

ಯಾರು ಯಾರ ಕಡೆಯವರು ಎಂಬ ನೆನಪು. ಡಾಕ್ಟರಮ್ಮನ ದೊಡ್ಡ ಮಾತು ಈಗ ಕಣ್ಣ ಮುಂದೆ ಕುಣಿಯುತ್ತಿತ್ತು. ಒಂದೂ ಮರೆಯುತ್ತಿರಲಿಲ್ಲ.

ಕೆಂಚಿಯ ಮೊಮ್ಮಗಳು ಚುಕ್ಕಿ. ಹಣೆಯ ಮೇಲೆ ಬಿಳಿ ಮಚ್ಚೆ, ಮಡಿಲಲ್ಲಿ ಚೊಚ್ಚಲ ಮರಿ. ಅವಳ ತೊಡೆಗೆ ಆಳವಾಗಿ ಕಚ್ಚಿದರು. ವೈದ್ಯರು ಬಂದು ಹೊಲಿಗೆ ಹಾಕಿದರು, ಸೂಜಿ ಚುಚ್ಚಿದರು. ಗಾಯ ಕೀವಾಯಿತು. ಚುಕ್ಕಿ ಉಳಿಯಲಿಲ್ಲ. ಮರಿಯನ್ನು ಅವಳ ಚಿಕ್ಕಮ್ಮ ಎತ್ತಿಕೊಂಡಿತು, ಆದರೆ ಅದಕ್ಕೆ ಹಾಲಿರಲಿಲ್ಲ. ಬುಟ್ಟಿಯಣ್ಣ ಬಾಟಲಿ ಹಿಡಿದು ಅಂಗಳದ ಕಂಬಿ ಬಾಗಿಲ ಹತ್ತಿರ ಕೂರುತ್ತಿದ್ದ. ಚಿಕ್ಕಮ್ಮ ಹತ್ತಿರ ಬಿಡುತ್ತಿರಲಿಲ್ಲ.

"ಕೊಡೇ ಮಾರಾಯ್ತಿ, ನಿನಗಲ್ಲ, ಮಗೂಗೆ" ಎಂದು ಬೇಡಿಕೊಳ್ಳುತ್ತಿದ್ದ. ನಾಲ್ಕನೆಯ ದಿನ ಬಾಟಲಿಯನ್ನು ತೊಳೆದು ಕಪಾಟಿನಲ್ಲಿಟ್ಟ. ಮರಿಯೂ ಉಳಿಯಲಿಲ್ಲ.

ಆಗ ಹೇನಕ್ಕ ಮಹಡಿಯ ಕ್ಯಾಮೆರಾ ಹಿಡಿದಿಟ್ಟ ಹಳೆಯ ವಿಡಿಯೋಗಳನ್ನು ಹಾಕಿಕೊಂಡು ಕೂತಳು. ಹಿಂದೆ ಇದೇ ಜಗಳಗಳು ಹೇಗೆ ಮುಗಿಯುತ್ತಿದ್ದವು ಎಂದು ತಿಳಿಯಬೇಕಿತ್ತು. ಹಣ್ಣಿಗೆ ಕೈ ಹಾಕಿದ್ದು, ಹಲ್ಲು ತೋರಿಸಿದ್ದು ಎಲ್ಲ ಹಾಗೇ ಇತ್ತು. ಆಮೇಲೆ ಪರದೆಯ ಅಂಚಿನಲ್ಲಿ ಏನೋ ಅಲುಗಿತು. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದಳು. ಕಟ್ಟೆಯ ಮೇಲಿದ್ದ ಮೂಟೆಜ್ಜಿ ಏಳುತ್ತದೆ. ನಾಲ್ಕು ಹೆಜ್ಜೆ ಬಂದು ಜಗಳದವರ ನಡುವೆ ಕೂರುತ್ತದೆ. ಅಷ್ಟೇ. ಯಾರನ್ನೂ ಹೊಡೆಯುವುದಿಲ್ಲ, ಹಲ್ಲು ತೋರಿಸುವುದಿಲ್ಲ, ಯಾರ ಕಡೆಗೂ ನೋಡುವುದೂ ಇಲ್ಲ. ಅದು ಕೂತ ಜಾಗವನ್ನು ದಾಟಿ ಹೋಗಲು ಇಬ್ಬರಿಗೂ ಕಾಲು ಬರುವುದಿಲ್ಲ. ಜಗಳ ತಣ್ಣಗಾಗುತ್ತದೆ. ಮೂಟೆಜ್ಜಿ ಮತ್ತೆ ಕಟ್ಟೆ ಹತ್ತುತ್ತದೆ.

ಒಂದು ಸಲವಲ್ಲ, ತೆರೆದ ವಿಡಿಯೋದಲ್ಲೆಲ್ಲ ಅದೇ. ಆ ಹೊತ್ತಿಗೆ ತಾನು ಟ್ಯಾಬಿನಲ್ಲಿ ಏನು ಒತ್ತಿದ್ದೆ ಎಂದು ಹೇನಕ್ಕ ತಾಳೆ ನೋಡಿದಳು. ಸುಮ್ಮನೆ. ಸುಮ್ಮನೆ. ಸುಮ್ಮನೆ.

ಅವಳು ಎದ್ದು ಡಾಕ್ಟರಮ್ಮನ ಕೋಣೆಗೆ ಹೋಗಿ, ಪರದೆಯನ್ನು ಅವರ ಮುಂದಿಟ್ಟಳು. ಡಾಕ್ಟರಮ್ಮ ಪೂರ್ತಿ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾವೆಲ್ಲ ಸೇರಿ ತಾನೇ ಆ ಪ್ರಶ್ನೆ ತೆಗೆದಿದ್ದು" ಎಂದರು.

"ಹೇಳಿದ್ದು ನಾನು ಮೇಡಂ."

"ಸಹಿ ಹಾಕಿದ್ದು ನಾನು. ಈಗ ಅದೆಲ್ಲ ಬಿಡು."

"ವಾಪಸ್ ತರೋಣ ಮೇಡಂ. ಇಲ್ಲದಿದ್ರೆ ಇವು ಒಂದನ್ನೊಂದು ತಿಂದು ಹಾಕ್ತವೆ."

"ತರೋದು ದೊಡ್ಡದಲ್ಲ. ಇವು ಸೇರಿಸ್ಕೋಬೇಕಲ್ಲ. ಹೊರಗೆ ಹೋಗಿ ಬಂದವಳು ಅಂದ್ರೆ ಹೊರಗಿನವಳೇ."

ಹೇನಕ್ಕನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಬೇರೆ ಏನು ಮಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಡಾಕ್ಟರಮ್ಮ ಫೋನು ಎತ್ತಿಕೊಂಡು ಆ ಕೇಂದ್ರದವರ ಕಾಲಿಗೆ ಬೀಳುವುದೊಂದು ಬಾಕಿ ಎಂಬ ಹಾಗೆ ಮಾತಾಡಿ ಒಪ್ಪಿಸಿದರು.

ಹೇನಕ್ಕ ಚಹಾದ ಲೋಟ ಹಿಡಿದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಒಳಗೆ ಮತ್ತೆ ಕಿರುಚಾಟ ಶುರುವಾಗಿತ್ತು. ಫೋನು ತೆಗೆದು ಅಕ್ಕನಿಗೆ ಹಚ್ಚಿದಳು. ಅಮ್ಮ ಹೋದ ಮೇಲೆ ಅವರಿಬ್ಬರ ಮಾತು ಕಡಿಮೆಯಾಗಿತ್ತು. ಜಗಳವೇನೂ ಆಗಿರಲಿಲ್ಲ.

"ಏನೇ ಇಷ್ಟು ಹೊತ್ತಲ್ಲಿ?" ಎಂದಳು ಅಕ್ಕ.

"ಏನಿಲ್ಲ. ಸುಮ್ನೆ ಮಾಡಿದೆ."

"ಕೆಲಸದ ಹೊತ್ತಲ್ಲಿ ಸುಮ್ನೆ ಯಾರಾದ್ರೂ ಫೋನ್ ಮಾಡ್ತಾರಾ? ಹುಷಾರಿಲ್ವಾ? ದುಡ್ಡೇನಾದ್ರೂ ಬೇಕಿತ್ತಾ?"

"ಇಲ್ಲಕ್ಕ. ಸುಮ್ನೆ ಅಂದ್ನಲ್ಲ."

ಅಕ್ಕನ ಹಿಂದೆ ಕುಕ್ಕರಿನ ಸೀಟಿ ಕೇಳಿಸಿತು. "ಸರಿ ಹಾಗಾದ್ರೆ. ಒಲೆ ಮೇಲೆ ಇಟ್ಟಿದೀನಿ. ಇಡ್ಲಾ?"

"ಇಡು."

ಮೂಟೆಜ್ಜಿ ಬಂದಾಗ ಸೊರಗಿತ್ತು. ರೋಗವೇನೂ ಇಲ್ಲವೆಂದು ಖಚಿತವಾಗುವ ತನಕ ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಅಂಗಳಕ್ಕೆ ಅಂಟಿದ ಜಾಲರಿ ಗೂಡಿಗೆ ಬಿಟ್ಟರು. ಕ್ರಮ ಅದೇ: ಮೊದಲು ಜಾಲರಿಯ ಆಚೀಚೆ ಕೂತು ಮುಖ ನೋಡಿಕೊಳ್ಳಲಿ, ಹಳಬರೆಂದು ಗುರುತು ಹತ್ತಲಿ, ಬಾಗಿಲು ತೆಗೆಯುವುದು ಅನಂತರ. ಗೋಡೆಯ ಕೆಲಸ ನಡೆದಿದ್ದರಿಂದ ಜಾಲರಿ ಗೂಡಿಗೆ ಇದ್ದದ್ದು ಒಂದೇ ಜಾಗ, ಚಪ್ಪರದ ಪಕ್ಕ.

ಎರಡನೆಯ ದಿನ ಕಿವಿಹರುಕಿ ಜಾಲರಿಯ ಹತ್ತಿರ ಬಂದಳು. ಬಹಳ ಹೊತ್ತು ನೋಡಿದಳು. ಆಮೇಲೆ ಜಾಲರಿಯ ಸಂದಿನಲ್ಲಿ ಬೆರಳು ತೂರಿಸಿ, ಮೂಟೆಜ್ಜಿಯ ಹೆಗಲ ಕೂದಲನ್ನು ಬಿಡಿಸಿ, ಹೇನು ಹೆಕ್ಕತೊಡಗಿದಳು. ಮೂಟೆಜ್ಜಿ ಕಣ್ಣು ಮುಚ್ಚಿಕೊಂಡಿತು. ಮಹಡಿಯ ಬೆಂಚಿನ ಮೇಲೆ ಹೇನಕ್ಕ ಮುಂದಕ್ಕೆ ಬಗ್ಗಿದಳು. ಇಷ್ಟು ವರ್ಷಗಳಲ್ಲಿ ಆ ಮುದುಕಿಯ ಮೈಗೆ ಯಾರಾದರೂ ಕೈ ಹಚ್ಚಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಅಕ್ಕಾ, ಗುರುತು ಹಿಡಿದಳು" ಎಂದ ಕೆಳಗಿನಿಂದ ಬುಟ್ಟಿಯಣ್ಣ, ದನಿ ತಗ್ಗಿಸಿ. ಅವನ ಕಣ್ಣು ಒದ್ದೆಯಾಗಿತ್ತು. "ಮೂಟೆಗೂ ನಂಟರು ಹುಟ್ಟಿದರು ನೋಡಿ."

ದಿನಾ ಹಾಗೇ ನಡೆಯಿತು. ಕಿವಿಹರುಕಿ, ಆಮೇಲೆ ಅವಳ ಮಗಳು, ಆಮೇಲೆ ಮೊಮ್ಮಕ್ಕಳು. ಹೇನಕ್ಕ 'ಹೇನು' ಒತ್ತಿದಳು, ಹೆಸರು ಕೊಟ್ಟಳು. ವಾರದ ಕೊನೆಗೆ ಚಿತ್ರ ತೆಗೆದರೆ ಮೂಲೆಯ ಚುಕ್ಕೆಗೆ ದಪ್ಪ ಗೆರೆಗಳು ಬಂದಿದ್ದವು. ಇಷ್ಟು ಚೆಂದದ ಚಿತ್ರ ಹಿಂದೆಂದೂ ಬಂದಿರಲಿಲ್ಲ. ಡಾಕ್ಟರಮ್ಮನ ಮುಖವೂ ಸಡಿಲಾಗಿತ್ತು. ಬಾಗಿಲು ತೆಗೆಯುವುದೆಂದು ಗೊತ್ತುಮಾಡಿದರು.

ತೆಗೆದರು. ಮೂಟೆಜ್ಜಿ ಹೊರಗೆ ಬಂದು, ಆಚೀಚೆ ನೋಡದೆ, ನೇರವಾಗಿ ಕಟ್ಟೆ ಹತ್ತಿ ತನ್ನ ಹಳೆಯ ಜಾಗದಲ್ಲಿ ಕೂತಿತು. ಅದನ್ನು ನೋಡಿ ಹೇನಕ್ಕನ ಎದೆಯಿಂದ ಒಂದು ಭಾರ ಇಳಿದ ಹಾಗಾಯಿತು. ಸ್ವಲ್ಪ ಹೊತ್ತಿಗೆ ತೊಟ್ಟಿಯ ಹತ್ತಿರ ಗುರುಗುಟ್ಟುವುದು ಕೇಳಿಸಿತು, ಎಂದಿನ ಜಗಳ. ಮೂಟೆಜ್ಜಿ ಎದ್ದಿತು. ನಾಲ್ಕು ಹೆಜ್ಜೆ ನಡೆದು ಇಬ್ಬರ ನಡುವೆ ಕೂತಿತು.

ಕೆಂಚಿ ಅದರ ಮೇಲೆ ಬಿದ್ದಳು.

ಅವಳ ಹಿಂದೆ ಅವಳ ಮಕ್ಕಳು, ಮೊಮ್ಮಕ್ಕಳು, ಚುಕ್ಕಿಯ ತಂಗಿಯರು. ಹೇನಕ್ಕ ಮೆಟ್ಟಿಲು ಇಳಿದು ಓಡುವಾಗಲೇ ಅವಳಿಗೆ ಎಲ್ಲ ತಿಳಿದುಹೋಗಿತ್ತು. ಜಾಲರಿಯ ಪಕ್ಕದಲ್ಲಿ ನಡೆದದ್ದನ್ನು ನೋಡಿದವರು ತಾವಷ್ಟೇ ಅಲ್ಲ. ತೊಟ್ಟಿಯ ಕಡೆಯಿಂದ ಅವೂ ನೋಡುತ್ತಿದ್ದವು. ಕಿವಿಹರುಕಿ ಯಾರ ಹೇನು ಹೆಕ್ಕಿದಳು, ಯಾರು ಕಣ್ಣು ಮುಚ್ಚಿ ಹೆಕ್ಕಿಸಿಕೊಂಡರು, ಎಷ್ಟು ದಿನ. ತಾನು ಟ್ಯಾಬಿನಲ್ಲಿ ಎಳೆದ ಅದೇ ದಪ್ಪ ಗೆರೆಯನ್ನು ಅವು ತಲೆಯಲ್ಲಿ ಎಳೆದುಕೊಂಡಿದ್ದವು. ಯಾರ ಕಡೆಯೂ ಅಲ್ಲದ ಕಾರಣಕ್ಕೇ ಅದಕ್ಕೆ ನಡುವೆ ಕೂರುವ ಬಲವಿತ್ತು. ಈಗ ಮೂಟೆಜ್ಜಿ ಚಪ್ಪರದ ಕಡೆಯವಳು.

ಬುಟ್ಟಿಯಣ್ಣ ನೀರಿನ ಪೈಪು ಹಿಡಿದು ಬಿಡಿಸಿದ. ಕಿವಿಹರುಕಿಯ ಮನೆಯವರು ತಮ್ಮವಳಿಗೆ ಬಿದ್ದ ಏಟಿಗೆ ಲೆಕ್ಕ ತೀರಿಸಲು ಹೊರಟಿದ್ದರು. ಅವರನ್ನೂ ನೀರು ಹೊಡೆದು ಓಡಿಸಬೇಕಾಯಿತು. ಮೂಟೆಜ್ಜಿಯನ್ನು ಕಂಬಳಿಯಲ್ಲಿ ಸುತ್ತಿ ಹೊರಗೆ ತಂದರು. ಎಡಗೈಯ ಎರಡು ಬೆರಳು ಹೋಗಿದ್ದವು.

ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದರು. "ಎರಡೂ ಸಂಸಾರ ಬೇರೆ ಬೇರೆ ಮಾಡಬೇಕು ಇನ್ನು" ಎಂದರು. "ಮಧ್ಯ ಗೋಡೆ ಹಾಕಿಸ್ತೀನಿ."

"ಮೂಟೆಜ್ಜಿ?"

"ಈ ಗಾಯ ಇಟ್ಕೊಂಡು ಚಪ್ಪರದ ಕಡೆಗೂ ಬಿಡೋ ಹಾಗಿಲ್ಲ. ಆ ಕೇಂದ್ರದವರು ಗಾಯ ಆದದ್ದನ್ನ ತಗೊಳಲ್ಲ ಅಂತಾರೆ." ಆಕೆ ಅಂಗೈಯನ್ನು ಒಮ್ಮೆ ಮೇಲೆ ಮಾಡಿ, ಹಾಗೇ ಕೆಳಗಿಳಿಸಿದರು. "ಸದ್ಯಕ್ಕೆ ಒಂಟಿ ಕೋಣೆ."

ಒಂಟಿ ಕೋಣೆ ಅಡುಗೆ ಕೋಣೆಯ ಹಿಂದಿದೆ. ಮೇಲಕ್ಕೊಂದು ಸಣ್ಣ ಕಿಟಕಿ, ಕೂರಲು ಒಂದು ಹಲಗೆ, ಮುಂದೆ ಕಂಬಿ. ಅಂಗಳದಲ್ಲಿ ಗಾರೆ ಕೆಲಸದವರು ನಡುಗೋಡೆ ಏರಿಸುವ ಸದ್ದು ಅಲ್ಲಿಗೂ ಕೇಳಿಸುತ್ತದೆ. ಕಟ್ಟೆಯನ್ನು ಒಡೆದು, ಅದರ ಇಟ್ಟಿಗೆಯನ್ನೂ ಗೋಡೆಗೇ ಬಳಸಿದರು. ಗೋಡೆ ಏಳುತ್ತಿದ್ದ ಹಾಗೆ ಜಗಳ ನಿಂತಿತು. ಬುಟ್ಟಿಯಣ್ಣ ಈಗ ಎರಡು ಬುಟ್ಟಿ ಹೊರುತ್ತಾನೆ, ತಮಾಷೆ ಮಾಡುವುದಿಲ್ಲ. ಮೂಟೆಜ್ಜಿಗೆ ಹಣ್ಣನ್ನು ಸುಲಿದೇ ಕೊಡುತ್ತಾನೆ.

ಟ್ಯಾಬಿನ ತಂತ್ರಾಂಶವನ್ನು ಹೇನಕ್ಕ ಸರಿಮಾಡಿಸಿದಳು. ಯಾರೂ ಅಡ್ಡಮಾತಾಡಲಿಲ್ಲ. ಈಗ 'ಸುಮ್ಮನೆ' ಒತ್ತಿದರೂ ಪ್ರಶ್ನೆ ಬರುತ್ತದೆ: ಹತ್ತಿರ ಯಾರು? ಕೆಳಗೆ ಹಿಂಡಿನ ಹೆಸರುಗಳೆಲ್ಲ ಸಾಲಾಗಿ ಮೂಡುತ್ತವೆ.

ಮಧ್ಯಾಹ್ನದ ಸರದಿಯಲ್ಲಿ ಅವಳು ಒಂದು ಸ್ಟೂಲು ಎಳೆದುಕೊಂಡು ಒಂಟಿ ಕೋಣೆಯ ಮುಂದೆ ಕೂರುತ್ತಾಳೆ. ಮೂಟೆಜ್ಜಿ ಹಲಗೆ ಬಿಟ್ಟು ಇಳಿದು, ಕಂಬಿಯ ಬುಡಕ್ಕೆ ಬಂದು, ಬ್ಯಾಂಡೇಜು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತದೆ. ಕೈ ಚಾಚಿದರೆ ಇಬ್ಬರಿಗೂ ಎಟುಕುವಷ್ಟು ಹತ್ತಿರ. ಇಬ್ಬರೂ ಚಾಚುವುದಿಲ್ಲ. ಹೇನಕ್ಕ 'ಸುಮ್ಮನೆ' ಒತ್ತುತ್ತಾಳೆ. ಹತ್ತಿರ ಯಾರು ಎಂದು ಪರದೆ ಕೇಳುತ್ತದೆ. ಅವಳು ಹೆಸರುಗಳನ್ನು ಕೊನೆಯವರೆಗೂ ಸರಿಸುತ್ತಾಳೆ. ಕೊನೆಯಲ್ಲಿ 'ಯಾರೂ ಇಲ್ಲ' ಎಂದಿದೆ. ಅದನ್ನು ಒತ್ತುತ್ತಾಳೆ.